ಸಟ್ಟುಗ ಹಿಡಿದ ಕೈ: ನವದಂಪತಿಗಳ ಗೃಹಕೃತ್ಯವನ್ನು ಕುರಿತು



ಶ್ರೀಹರಿವಾಯುಗುರುಗಳ ಪಾದಾರವಿಂದಗಳಿಗೆ ವಂದಿಸಿ, ಈ ಸಲದ ಪ್ರವಚನಕ್ಕೆ ಮೇಲ್ನೋಟಕ್ಕೆ ಅತಿ ಸಾಮಾನ್ಯವೆನಿಸುವ ವಿಷಯವೊಂದನ್ನು ಆಯ್ದುಕೊಂಡಿದ್ದೇನೆ. ಅದು ಮನೆಯ ಅಡುಗೆ. ಪಂಚಭೇದ, ತಾರತಮ್ಯ, ಬಿಂಬಪ್ರತಿಬಿಂಬಭಾವಗಳನ್ನು ನಿರೂಪಿಸಬೇಕಾದ ಸ್ಥಳದಲ್ಲಿ ಒಲೆ, ಪಾತ್ರೆ, ಸಾರು, ಪಲ್ಯಗಳ ಮಾತೇಕೆ ಎಂದು ಹಿರಿಯರು ಕೆಲವರಾದರೂ ಕೇಳಿಯಾರು. ಆದರೆ ಲಗ್ನದ ದಿನಗಳು ಮುಗಿದು ಹೊಸದಾಗಿ ಸಂಸಾರ ಹೂಡಿದ ತರುಣ ದಂಪತಿಗಳು ದೇವಸ್ಥಾನಕ್ಕೆ ಬಂದಾಗ ಕೇಳುವ ಪ್ರಶ್ನೆಗಳು ಬಹುತೇಕ ಇದೇ ವಿಷಯದವು. “ಆಚಾರ್ಯರೇ, ಇಬ್ಬರೂ ಮುಂಜಾನೆ ಎಂಟಕ್ಕೆ ಮನೆ ಬಿಡಬೇಕು, ನೈವೇದ್ಯ ಯಾವಾಗ ಮಾಡಬೇಕು?” ಎಂದು ಒಬ್ಬರು ಕೇಳುತ್ತಾರೆ. “ಕುಕ್ಕರಿನಲ್ಲಿ ಮಾಡಿದ ಅನ್ನ ದೇವರಿಗೆ ಆಗುತ್ತದೆಯೇ?” ಎಂದು ಇನ್ನೊಬ್ಬರು. ಬಾಯಿಬಿಟ್ಟು ಕೇಳದೆ ಮುಖದಲ್ಲಿಯೇ ತೋರುವ ಪ್ರಶ್ನೆ ಮತ್ತೊಂದಿದೆ: “ಈ ಭಾರವೆಲ್ಲ ನನ್ನೊಬ್ಬಳದೇ ಏನು?” ಈ ಮೂರನೆಯ ಪ್ರಶ್ನೆಗೆ ಉತ್ತರ ಹೇಳದೆ ಮೊದಲಿನ ಎರಡಕ್ಕೆ ಉತ್ತರ ಹೇಳಿದರೆ ಫಲವಿಲ್ಲವೆಂದು ನನಗೆ ತೋರುತ್ತದೆ.

ನಮ್ಮ ನೇಸರಗಿಯಂತಹ ಊರುಗಳ ಇಂದಿನ ಸ್ಥಿತಿಯನ್ನು ನೋಡಿರಿ. ತಂದೆತಾಯಿಗಳು ಊರಿನಲ್ಲಿ, ಮಗ ಸೊಸೆಯರು ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಪುಣೆ, ಬೆಂಗಳೂರುಗಳಲ್ಲಿ. ಊರಿನಲ್ಲಿಯೇ ಉಳಿದವರಲ್ಲಿಯೂ ಅನೇಕರು ಮುಂಜಾನೆ ಬಸ್ಸು ಹಿಡಿದು ಬೆಳಗಾವಿಗೋ ಬೈಲಹೊಂಗಲಕ್ಕೋ ನೌಕರಿಗೆ ಹೋಗಿ ಕತ್ತಲಾದ ಮೇಲೆ ಮರಳುವವರು. ಹಿಂದೆ ಅತ್ತೆ, ಓರಗಿತ್ತಿ, ನಾದಿನಿಯರು ಕೂಡಿ ಮಾಡುತ್ತಿದ್ದ ಕೆಲಸವು ಇಂದು ಎರಡು ಕೋಣೆಗಳ ಮನೆಯಲ್ಲಿ ಒಬ್ಬಳೇ ಹುಡುಗಿಯ ಹೆಗಲಿಗೆ ಬಿದ್ದಿದೆ. ಆಕೆಯೂ ಓದಿದವಳು; ಆಕೆಯೂ ಹೊರಗೆ ದುಡಿದು ದಣಿದು ಬರುವವಳು. ಹೀಗಿರಲು ಕೆಲವು ತಿಂಗಳುಗಳಲ್ಲಿಯೇ ಒಲೆ ಹಚ್ಚುವುದು ದಿನಕ್ಕೊಮ್ಮೆಯಾಗುತ್ತದೆ, ಅನಂತರ ವಾರಕ್ಕೆ ನಾಲ್ಕು ದಿನವಾಗುತ್ತದೆ. ಒಲೆ ಆರಿದ ದಿನ ನೈವೇದ್ಯವೂ ನಿಲ್ಲುತ್ತದೆ. ನೈವೇದ್ಯವಿಲ್ಲದ ದೇವರ ಪೆಟ್ಟಿಗೆಯು ಕ್ರಮೇಣ ಹಬ್ಬದ ದಿನ ಮಾತ್ರ ತೆರೆಯುವ ವಸ್ತುವಾಗುತ್ತದೆ. ತಲೆತಲಾಂತರದಿಂದ ಬಂದ ಶಾಲಗ್ರಾಮವನ್ನು ಮಠಕ್ಕೆ ಒಪ್ಪಿಸಿಬಿಡೋಣವೆಂಬ ಮಾತು ಮನೆಯಲ್ಲಿ ಹುಟ್ಟುವುದು ನಾಸ್ತಿಕತೆಯಿಂದ ಅಲ್ಲ, ಅಡುಗೆಮನೆಯ ದಣಿವಿನಿಂದ. ಆದ್ದರಿಂದ ಈ ವಿಷಯ ಸಣ್ಣದಲ್ಲ.

ಮೊದಲು ಅನ್ನದ ಸ್ವರೂಪವನ್ನು ವಿಚಾರಿಸೋಣ. ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು, ಯಜ್ಞಶೇಷವನ್ನು ಉಣ್ಣುವ ಸಜ್ಜನರು ಪಾಪಗಳಿಂದ ಬಿಡುಗಡೆ ಹೊಂದುವರೆಂದೂ ತಮಗಾಗಿಯೇ ಅಡುಗೆ ಮಾಡಿಕೊಳ್ಳುವವರು ಪಾಪವನ್ನೇ ಉಣ್ಣುವರೆಂದೂ ಹೇಳಿದ್ದಾನೆ. ಇಲ್ಲಿ ಗಮನಿಸಬೇಕಾದುದೇನೆಂದರೆ, ದೋಷವನ್ನು ಹೇಳಿರುವುದು ಅಡುಗೆಗೆ ಅಲ್ಲ, ಯಾರಿಗಾಗಿ ಮಾಡಿದೆವು ಎಂಬ ಸಂಕಲ್ಪಕ್ಕೆ. ಅಕ್ಕಿ ಅದೇ, ಬೇಳೆ ಅದೇ, ಬೆಂಕಿ ಅದೇ. ಹರಿಗೆಂದು ಮಾಡಿದರೆ ಯಜ್ಞ; ನನಗೆಂದು ಮಾಡಿದರೆ ಬರಿಯ ಹೊಟ್ಟೆಪಾಡು.

ಗೃಹಸ್ಥನ ಮನೆಯಲ್ಲಿ ಐದು ಹಿಂಸಾಸ್ಥಾನಗಳಿವೆಯೆಂದು ಮನುಸ್ಮೃತಿಯು ಎಣಿಸಿದೆ: ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು ಒನಕೆ ಮತ್ತು ನೀರಿನ ಕೊಡ. ಎಷ್ಟು ಎಚ್ಚರದಿಂದ ನಡೆದರೂ ಇವುಗಳಲ್ಲಿ ಸೂಕ್ಷ್ಮಜೀವಿಗಳಿಗೆ ಹಿಂಸೆಯಾಗದೆ ಇರದು. ಇಂದು ಬೀಸುವ ಕಲ್ಲಿನ ಸ್ಥಾನದಲ್ಲಿ ಗಿರಣಿಯೂ ಒರಳಿನ ಸ್ಥಾನದಲ್ಲಿ ಮಿಕ್ಸಿಯೂ ಕಟ್ಟಿಗೆಯ ಒಲೆಯ ಸ್ಥಾನದಲ್ಲಿ ಗ್ಯಾಸಿನ ಒಲೆಯೂ ಬಂದಿರಬಹುದು, ಕ್ರಿಯೆ ಬದಲಾಗಿಲ್ಲ. ಈ ದೋಷದ ಪರಿಹಾರಕ್ಕಾಗಿಯೇ ದೇವಯಜ್ಞ, ಪಿತೃಯಜ್ಞ, ಭೂತಯಜ್ಞ, ಮನುಷ್ಯಯಜ್ಞ, ಬ್ರಹ್ಮಯಜ್ಞಗಳೆಂಬ ಪಂಚಮಹಾಯಜ್ಞಗಳನ್ನು ವಿಧಿಸಿದ್ದಾರೆ. ಈಗ ಒಂದು ಪ್ರಶ್ನೆ. ಆ ಐದು ಹಿಂಸಾಸ್ಥಾನಗಳ ದೋಷವು ಯಾರಿಗೆ? ಬೀಸಿದವಳಿಗೆ ಮಾತ್ರವೇ, ಉಂಡವನಿಗೂ ಇದೆಯೇ? ಸ್ಮೃತಿಯು ಅದನ್ನು ಗೃಹಸ್ಥನ ಹೆಸರಿನಲ್ಲಿಯೇ ಬರೆದಿದೆ. ದೋಷದಲ್ಲಿ ಪತಿಗೆ ಪಾಲಿದ್ದ ಮೇಲೆ ಅದರ ಪರಿಹಾರದಲ್ಲಿಯೂ ಪಾಲಿರಬೇಕು. ಪರಿಹಾರದಲ್ಲಿ ಪಾಲಿದ್ದ ಮೇಲೆ ದುಡಿಮೆಯಲ್ಲಿ ಮಾತ್ರ ಪಾಲಿಲ್ಲವೆಂಬುದು ಯಾವ ನ್ಯಾಯ?

ನಮ್ಮ ದಾಸಸಾಹಿತ್ಯದ ಶಿರೋಮಣಿಗಳಲ್ಲೊಬ್ಬರಾದ ಮಾನವಿಯ ಶ್ರೀ ಜಗನ್ನಾಥದಾಸರು (1728-1809) ಹರಿಕಥಾಮೃತಸಾರದಲ್ಲಿ ಭೋಜನರಸವಿಭಾಗ ಸಂಧಿಯೆಂದು ಒಂದು ಸಂಧಿಯನ್ನೇ ರಚಿಸಿದ್ದಾರೆ. ಅನ್ನದಲ್ಲಿ ಕೇಶವರೂಪವನ್ನೂ ಪರಮಾನ್ನದಲ್ಲಿ ನಾರಾಯಣರೂಪವನ್ನೂ ತೊವ್ವೆಯಲ್ಲಿ ಶ್ರೀಧರರೂಪವನ್ನೂ ಸೊಪ್ಪಿನ ಪಲ್ಯದಲ್ಲಿ ಹೃಷೀಕೇಶರೂಪವನ್ನೂ ಚಿಂತಿಸುವ ಕ್ರಮವು ನಮ್ಮ ಸಂಪ್ರದಾಯದಲ್ಲಿದೆ. ಬ್ರಹ್ಮಸೂತ್ರಗಳಿಗೆ ಅನುವ್ಯಾಖ್ಯಾನವನ್ನು ಬರೆದ ಪರಂಪರೆಯೇ ಮೆಂತ್ಯದ ಪಲ್ಯದಲ್ಲಿ ಭಗವಂತನ ಯಾವ ರೂಪವನ್ನು ನೆನೆಯಬೇಕೆಂಬುದನ್ನೂ ಹೇಳಿತು. ಭಗವಂತನು ಗುಡಿಯ ಗರ್ಭಗೃಹದಲ್ಲಿ ಇರುವಷ್ಟೇ ಪೂರ್ಣನಾಗಿ ಹೊಸ ದಂಪತಿಗಳ ಎರಡು ಬಟ್ಟಲು ಸಾರಿನಲ್ಲಿಯೂ ಇದ್ದಾನೆ. ಆತನ ವ್ಯಾಪ್ತಿಗೆ ಮನೆಯ ವಿಸ್ತಾರವು ಅಡ್ಡಿಯಲ್ಲ, ಪಾತ್ರೆಯ ಗಾತ್ರವೂ ಅಡ್ಡಿಯಲ್ಲ.

ಇದರಿಂದ ಒಂದು ನಿಯಮ ಹುಟ್ಟಿದೆ. ನೈವೇದ್ಯವಾಗುವ ಮುನ್ನ ಅಡುಗೆಯ ರುಚಿಯನ್ನು ನೋಡುವಂತಿಲ್ಲ. ಬೇಕೆಂದು ಅದರ ಪರಿಮಳವನ್ನು ಆಘ್ರಾಣಿಸುವಂತೆಯೂ ಇಲ್ಲ. ಮೊದಲು ರುಚಿ ನೋಡುವ ಅಧಿಕಾರ ಸ್ವಾಮಿಯದು. ಈ ನಿಯಮವನ್ನು ಎಲ್ಲರೂ ಬಲ್ಲರು; ಆದರೆ ಇದರ ಮುಂದಿನ ಅರ್ಥವನ್ನು ಕೆಲವರು ಮಾತ್ರ ಯೋಚಿಸಿರುವರು. ರುಚಿ ನೋಡದೆ ಮಾಡಿದ ಅಡುಗೆಯಲ್ಲಿ ಒಂದು ದಿನ ಉಪ್ಪು ಹೆಚ್ಚಾಗುವುದು, ಒಂದು ದಿನ ಹುಳಿ ಮುಂದಾಗುವುದು ಸಹಜ. ಹತ್ತು ವರ್ಷ ಕೈ ಪಳಗಿದವರಿಗೇ ತಪ್ಪದ ಈ ಏರುಪೇರು ಆರು ತಿಂಗಳ ಹಿಂದೆ ಸಂಸಾರ ಹೂಡಿದವಳಿಗೆ ತಪ್ಪೀತೇ? ತಟ್ಟೆಯ ಮುಂದೆ ಕುಳಿತು “ಸಾರಿನಲ್ಲಿ ಉಪ್ಪೇ ಇಲ್ಲ” ಎಂದು ಮುಖ ಸಿಂಡರಿಸುವ ಗೃಹಸ್ಥನು ಒಂದು ಕ್ಷಣ ತಡೆದು ಆಲೋಚಿಸಬೇಕು: ಈ ಸಾರಿನಲ್ಲಿ ಉಪ್ಪು ಕಡಿಮೆಯಾದುದು ಈಕೆ ನಾಲಿಗೆಯ ಮೇಲೆ ಒಂದು ಹನಿಯನ್ನೂ ಇಟ್ಟುಕೊಳ್ಳದೆ ಸ್ವಾಮಿಗೆಂದು ಕಾದಿಟ್ಟದ್ದರಿಂದ. ಆ ಕೊರತೆಯೇ ಆಕೆಯ ನಿಷ್ಠೆಗೆ ಸಾಕ್ಷಿ. ನಮಗಿಂತ ಮೊದಲು ಅದನ್ನು ಸ್ವೀಕರಿಸಿದ ಸ್ವಾಮಿಯು ಏನೂ ಅನ್ನದೆ ಸ್ವೀಕರಿಸಿದ್ದಾನೆ. ಆತನ ಶೇಷವನ್ನು ಉಣ್ಣುವ ನಾವು ಆಕ್ಷೇಪಿಸುವುದು ಯಾವ ಅಧಿಕಾರದಿಂದ? ಅನ್ನವನ್ನು ನಿಂದಿಸಬಾರದೆಂಬುದು ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯಲ್ಲಿ ವ್ರತವೆಂದೇ ವಿಹಿತವಾಗಿದೆ. ಏಕಾದಶಿಯ ವ್ರತವನ್ನು ತಪ್ಪದೆ ಹಿಡಿಯುವವರು ಈ ವ್ರತವನ್ನೂ ಹಿಡಿಯಬೇಕಲ್ಲವೇ? ಉಪ್ಪು ಬೇಕಾದರೆ ಎಲೆಯ ತುದಿಯಲ್ಲಿದೆ, ಮೌನವಾಗಿ ಬೆರೆಸಿಕೊಂಡರಾಯಿತು.

ಹೊಸ ಸಂಸಾರದಲ್ಲಿ ರುಚಿಯ ಜಗಳವು ಬಹುಮಟ್ಟಿಗೆ ಎರಡು ತವರುಗಳ ಜಗಳ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆಭೂಮಿಯಲ್ಲಿ ಹುಟ್ಟಿದವನಿಗೆ ಬಿಳಿಜೋಳದ ಭಕ್ಕರಿ, ಎಣ್ಣೆಗಾಯಿ ಬದನೆ, ಶೇಂಗಾದ ಹಿಂಡಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಮಜ್ಜಿಗೆಯ ಪಳದ್ಯ ಇವೇ ಊಟ. ಕೈಹಿಡಿದವಳು ಉಡುಪಿಯ ಕಡೆಯವಳಾದರೆ ಆಕೆಗೆ ಕುಚ್ಚಲಕ್ಕಿಯ ಅನ್ನ, ತೆಂಗಿನಕಾಯಿ ಅರೆದ ಹುಳಿ, ತಂಬುಳಿ. “ನಮ್ಮ ಅವ್ವನ ಕೈಯ ಸಾರಿನಂತೆ ಇಲ್ಲ” ಎಂಬ ಮಾತು ಆಡಿದವನಿಗೆ ಅರ್ಧ ನಿಮಿಷದ್ದು. ಕೇಳಿದವಳಿಗೆ ಅರ್ಧ ಆಯುಷ್ಯದ್ದು. ಆಕೆಯೂ ಒಬ್ಬ ಅವ್ವನ ಕೈಯ ಸಾರನ್ನು ಬಿಟ್ಟು ಬಂದಿದ್ದಾಳೆ. ಆಕೆಯ ತವರಿನ ತಂಬುಳಿಯನ್ನು ವಾರಕ್ಕೊಮ್ಮೆಯಾದರೂ ಮನಃಪೂರ್ವಕವಾಗಿ ಉಂಡು, “ಇದನ್ನು ನಮ್ಮ ಮನೆಯ ಹಬ್ಬದ ಅಡುಗೆಯಲ್ಲಿಯೂ ಸೇರಿಸೋಣ” ಎಂದು ಹೇಳುವ ಪತಿಯು ಧರ್ಮಶಾಸ್ತ್ರವನ್ನು ಓದದಿದ್ದರೂ ಗೃಹಸ್ಥಧರ್ಮವನ್ನು ಬಲ್ಲವನು.

ಇನ್ನು ಅಡುಗೆಯು ಹೆಂಗಸರ ಕೆಲಸ, ಗಂಡಸು ಒಲೆಯ ಮುಂದೆ ನಿಲ್ಲುವುದು ಅಗೌರವ ಎಂಬ ಭಾವನೆಯನ್ನು ವಿಮರ್ಶಿಸೋಣ. ಇದು ಎಲ್ಲಿಂದ ಬಂದಿತೋ ತಿಳಿಯದು. ನಮ್ಮ ಸಂಪ್ರದಾಯದಿಂದ ಮಾತ್ರ ಬಂದುದಲ್ಲ. ಉಡುಪಿಯ ಶ್ರೀಕೃಷ್ಣಮಠವನ್ನೇ ನೋಡಿರಿ. ಶ್ರೀಮದಾಚಾರ್ಯರು ಅಷ್ಟಮಠಗಳ ಯತಿಗಳಿಗೆ ಸರದಿಯ ಮೇಲೆ ಒಪ್ಪಿಸಿದ ಪೂಜೆಯ ಕ್ರಮವನ್ನು ಶ್ರೀ ವಾದಿರಾಜರು 1522ರಲ್ಲಿ ಎರಡು ತಿಂಗಳಿನಿಂದ ಎರಡು ವರ್ಷಗಳಿಗೆ ವಿಸ್ತರಿಸಿದರು. ಎರಡು ವರ್ಷಗಳಿಗೊಮ್ಮೆ ಜನವರಿ 18ರಂದು ನಡೆಯುವ ಆ ಪರ್ಯಾಯಕ್ಕೆ ಪೂರ್ವಭಾವಿಯಾಗಿ ಬಾಳೆಮುಹೂರ್ತ, ಅಕ್ಕಿಮುಹೂರ್ತ, ಕಟ್ಟಿಗೆಮುಹೂರ್ತ, ಭತ್ತಮುಹೂರ್ತಗಳೆಂದು ನಾಲ್ಕು ಮುಹೂರ್ತಗಳನ್ನು ನೆರವೇರಿಸುತ್ತಾರೆ. ಉಣ್ಣುವ ಎಲೆ, ಬೇಯುವ ಅಕ್ಕಿ, ಉರಿಯುವ ಕಟ್ಟಿಗೆ, ಕಣಜದ ಭತ್ತ: ನಾಲ್ಕೂ ಪಾಕಶಾಲೆಯ ಸಾಮಗ್ರಿಗಳೇ. ಪರ್ಯಾಯದ ದಿನ ನಿರ್ಗಮಿಸುವ ಯತಿಗಳು ಪೀಠವೇರುವ ಯತಿಗಳಿಗೆ ಒಪ್ಪಿಸುವ ವಸ್ತುಗಳಾದರೂ ಯಾವುವು? ಗರ್ಭಗುಡಿಯ ಬೀಗದ ಕೈ, ಅಕ್ಷಯಪಾತ್ರೆ ಮತ್ತು ಸಟ್ಟುಗ. ಸಟ್ಟುಗವೆಂದರೆ ನಮ್ಮ ಮನೆಗಳಲ್ಲಿ ಬಡಿಸುವ ಸೌಟು. ಶ್ರೀಕೃಷ್ಣನ ಪೂಜಾಧಿಕಾರವು ಕೈಯಿಂದ ಕೈಗೆ ಹೋಗುವಾಗ ಸೌಟೂ ಜೊತೆಗೆ ಹೋಗುತ್ತದೆ. ಅಲ್ಲಿಯ ಪಾಕಶಾಲೆಯಲ್ಲಿ ಸ್ವಾಮಿಗೆ ಅಡುಗೆ ಮಾಡುವವರು ಗಂಡಸರೇ. ಗುಡಿಯಲ್ಲಿ ಪುಣ್ಯಕರವಾದ ಕೆಲಸವು ಮನೆಯಲ್ಲಿ ಹೇಗೆ ನಾಚಿಕೆಯ ಕೆಲಸವಾದೀತು?

ಇದಕ್ಕಿಂತ ಹಿರಿದಾದ ಪ್ರಮಾಣವು ಮಹಾಭಾರತದಲ್ಲಿಯೇ ಇದೆ. ಜೀವೋತ್ತಮರಾದ ವಾಯುದೇವರ ಎರಡನೆಯ ಅವತಾರವೇ ಭೀಮಸೇನದೇವರು. ಅಜ್ಞಾತವಾಸದ ವರ್ಷದಲ್ಲಿ ವಿರಾಟನ ಆಸ್ಥಾನಕ್ಕೆ ಅವರು ಹೋದುದು ಅಡುಗೆಯವರಾಗಿ. ಬಲ್ಲವನೆಂಬ ಹೆಸರು; ಕನ್ನಡಿಗರಿಗೆ ವಲಲನೆಂದೇ ಪರಿಚಿತ. ಕೈಯಲ್ಲಿ ಸಟ್ಟುಗವನ್ನೂ ಒರೆಯಿಲ್ಲದ ಖಡ್ಗವನ್ನೂ ಹಿಡಿದುಕೊಂಡೇ ಅವರು ರಾಜನ ಮುಂದೆ ನಿಂತರೆಂದು ವಿರಾಟಪರ್ವವು ವರ್ಣಿಸುತ್ತದೆ. ಹಿಡಿಂಬ, ಬಕ, ಜರಾಸಂಧರನ್ನು ಕೊಂದ ತೋಳುಗಳು ಒಂದು ವರ್ಷ ಕಾಲ ಒಲೆಯ ಮುಂದೆ ಸೌಟು ಆಡಿಸಿದವು. ಅದರಿಂದ ಭೀಮಸೇನದೇವರ ಪರಾಕ್ರಮಕ್ಕೆ ಕುಂದು ಬಂದಿತೆಂದು ಯಾರಾದರೂ ಹೇಳಬಲ್ಲರೇ?

ಆ ವಿರಾಟನಗರದ ಅಡುಗೆಮನೆಯಲ್ಲಿ ಒಂದು ರಾತ್ರಿ ನಡೆದ ಪ್ರಸಂಗವನ್ನು ನವದಂಪತಿಗಳು ವಿಶೇಷವಾಗಿ ಕೇಳಬೇಕು. ಸೈರಂಧ್ರಿಯಾಗಿ ಸುದೇಷ್ಣೆಯ ಸೇವೆಯಲ್ಲಿದ್ದ ದ್ರೌಪದೀದೇವಿಯನ್ನು ಕೀಚಕನು ಸಭೆಯಲ್ಲಿಯೇ ಅವಮಾನಿಸಿದ್ದಾನೆ. ಧರ್ಮರಾಜನು ಕಾಲವನ್ನು ನಿರೀಕ್ಷಿಸೆಂದು ಸೂಚಿಸಿ ಸುಮ್ಮನಾಗಿದ್ದಾನೆ. ಆಗ ಆ ಮಹಾಸಾಧ್ವಿಯು ನಡುರಾತ್ರಿಯಲ್ಲಿ ಎದ್ದು ಎಲ್ಲಿಗೆ ಹೋದಳು? ಅಡುಗೆಮನೆಗೆ. ಅಲ್ಲಿ ಮಲಗಿದ್ದ ಭೀಮಸೇನದೇವರನ್ನು ಎಬ್ಬಿಸಿ ತನ್ನ ದುಃಖವನ್ನೆಲ್ಲ ಹೇಳಿಕೊಂಡಳು. ಕೀಚಕನ ಮಾತಿನೊಂದಿಗೆ ಇನ್ನೊಂದು ಮಾತನ್ನೂ ಆಡಿದಳು: ಕುಂತೀದೇವಿಗಲ್ಲದೆ ಬೇರೆ ಯಾರಿಗೂ, ತನಗೆ ಸಹ, ಎಂದೂ ಗಂಧ ತೇಯದಿದ್ದ ತಾನು ಈಗ ದಿನವೂ ರಾಜನಿಗಾಗಿ ಚಂದನ ತೇಯುತ್ತಿರುವೆನೆಂದು ಹೇಳಿ ಜಡ್ಡುಗಟ್ಟಿದ ತನ್ನ ಎರಡು ಕೈಗಳನ್ನು ತೋರಿಸಿದಳು. ಭೀಮಸೇನದೇವರು ಆಗ ಉಪದೇಶ ಮಾಡಲಿಲ್ಲ. ಇದೆಲ್ಲ ಎಲ್ಲ ಹೆಂಗಸರಿಗೂ ಇದ್ದದ್ದೇ ಎನ್ನಲಿಲ್ಲ. ಬಾತುಕೊಂಡ, ಜಡ್ಡುಗಟ್ಟಿದ ಆ ಕೈಗಳನ್ನು ತಮ್ಮ ಮುಖಕ್ಕೆ ತಂದುಕೊಂಡು ಅತ್ತರು. ಅನಂತರ ನಡೆದ ಕೀಚಕವಧೆಯನ್ನು ಎಲ್ಲರೂ ಬಲ್ಲರು. ಅದಕ್ಕಿಂತ ಮುಂಚಿನ ಈ ಕಣ್ಣೀರನ್ನು ಬಲ್ಲವರು ವಿರಳ.

ದ್ರೌಪದೀದೇವಿಯು ಭಾರತೀದೇವಿಯ ಅವತಾರವೆಂಬುದು ನಮ್ಮ ಸಿದ್ಧಾಂತ. ಆದುದರಿಂದ ಇದನ್ನು ವಾಯುಭಾರತಿಯರ ಸಂಸಾರವೆಂದೇ ತಿಳಿಯಬೇಕು. ಹೆಂಡತಿಯ ಮನಸ್ಸು ಬಿಚ್ಚಿದ ಸ್ಥಳ ಅಡುಗೆಮನೆ. ಗಂಡನು ಮೊದಲು ನೋಡಿದ್ದು ಆಕೆಯ ಕೈ. ತರುಣ ಮಿತ್ರರೇ, ನಿಮ್ಮ ಮನೆಯಲ್ಲಿ ನಿಮಗಾಗಿ ದಿನವೂ ಅಡುಗೆ ಮಾಡುವ ಕೈಯನ್ನು ನೀವು ನೋಡಿದ್ದೀರಾ? ಬಾಣಲೆಯ ಎಣ್ಣೆ ಸಿಡಿದ ಕಲೆ ಎಲ್ಲಿದೆ, ಭಕ್ಕರಿ ಬಡಿಯುವ ಅಂಗೈ ಹೇಗೆ ಕೆಂಪಾಗಿದೆ, ಪಾತ್ರೆ ತಿಕ್ಕುವ ಪುಡಿಯಿಂದ ಬೆರಳು ಎಲ್ಲಿ ಬಿರಿದಿದೆ ಎಂಬುದನ್ನು ನೋಡದವನು ಎಷ್ಟು ಪಾರಾಯಣ ಮಾಡಿದರೂ ವಿರಾಟಪರ್ವವನ್ನು ಓದಿದಂತಾಗಲಿಲ್ಲ.

ನಮ್ಮ ಹಿರಿಯರಿಗೆ ಇದು ಹೊಸದೇನೂ ಆಗಿರಲಿಲ್ಲ. ಮನೆಯ ಹೆಣ್ಣುಮಕ್ಕಳು ಹೊರಗಾದ ಮೂರು ದಿನ ಗಂಡಸರೇ ಮಡಿಯುಟ್ಟು ಒಲೆ ಹಚ್ಚಿ, ಅಡುಗೆ ಮಾಡಿ, ನೈವೇದ್ಯ ತೋರಿಸಿ, ಮಕ್ಕಳಿಗೆ ಬಡಿಸುತ್ತಿದ್ದರು. ಆ ಕಾರಣದಿಂದ ಹಳೆಯ ತಲೆಯ ವೈದಿಕರಲ್ಲಿ ತೊವ್ವೆ, ಹುಳಿ, ಪಾಯಸಗಳನ್ನು ಮಾಡಲಾರದವರು ಅಪರೂಪವಾಗಿದ್ದರು. ಗುರುಕುಲವಾಸದ ವಿದ್ಯಾರ್ಥಿಗಳಿಗೆ ಅಮರಕೋಶದೊಂದಿಗೆ ಅಡುಗೆಮನೆಯ ಸರದಿಯೂ ಇರುತ್ತಿತ್ತು. ಸೌಟು ಹಿಡಿಯಲು ಬಾರದ ಗಂಡಸು ಇತ್ತೀಚಿನ ಸೃಷ್ಟಿಯೇ ಹೊರತು ಸನಾತನನಲ್ಲ.

ಹಾಗೆಂದು ಗೃಹಿಣಿಯ ಸ್ಥಾನವನ್ನು ಕೇವಲ ಸೌಟಿನಿಂದ ಅಳೆಯಬಾರದು. ವನಪರ್ವದಲ್ಲಿ ಸತ್ಯಭಾಮಾದೇವಿಯು ದ್ರೌಪದೀದೇವಿಯನ್ನು, ಪತಿಗಳು ನಿನ್ನಲ್ಲಿ ಇಷ್ಟು ಅನುರಕ್ತರಾಗಿರಲು ಯಾವ ವ್ರತ, ಯಾವ ಮಂತ್ರ, ಯಾವ ಮೂಲಿಕೆ ಕಾರಣವೆಂದು ಕೇಳುತ್ತಾಳೆ. ದ್ರೌಪದಿಯು ಮಂತ್ರಮೂಲಿಕೆಗಳ ಮಾತನ್ನು ತಿರಸ್ಕರಿಸಿ, ತನ್ನ ದಿನಚರಿಯನ್ನೇ ಉತ್ತರವಾಗಿ ಹೇಳುತ್ತಾಳೆ. ಪಾತ್ರೆಗಳ ಶುದ್ಧಿ, ಧಾನ್ಯದ ರಕ್ಷಣೆ, ಸಕಾಲದ ಭೋಜನ, ಸೇವಕರ ಯೋಗಕ್ಷೇಮ ಇವುಗಳೊಂದಿಗೆ ಇನ್ನೊಂದನ್ನೂ ಸೇರಿಸುತ್ತಾಳೆ: ಪಾಂಡವರ ಸಕಲ ಆಯವ್ಯಯವನ್ನು ತಾನೊಬ್ಬಳೇ ಬಲ್ಲವಳಾಗಿದ್ದಳು. ಎಂದರೆ ಮನೆಯ ಒಲೆಯನ್ನು ನೋಡುವವಳ ಕೈಯಲ್ಲಿ ಮನೆಯ ಲೆಕ್ಕವೂ ಇತ್ತು. ಇಂದು ಅನೇಕ ಮನೆಗಳಲ್ಲಿ ಒಲೆ ಆಕೆಯದು, ಲೆಕ್ಕ ಆತನದು. ಸಂಬಳ ಎಷ್ಟು, ಸಾಲ ಎಷ್ಟು, ಊರಿಗೆ ತಂದೆತಾಯಿಗಳಿಗೆ ಕಳಿಸಬೇಕಾದುದೆಷ್ಟು, ದಾನಧರ್ಮಕ್ಕೆ ಎಷ್ಟು ಎಂಬುದನ್ನು ತಿಂಗಳ ಮೊದಲ ವಾರದಲ್ಲಿ ಇಬ್ಬರೂ ಕುಳಿತು ಬರೆದರೆ, ಕಿರಾಣಿಯ ಚೀಟಿಯು ಜಗಳದ ಕಾಗದವಾಗುವುದಿಲ್ಲ.

ಈಗ ಇಬ್ಬರೂ ನೌಕರಿಗೆ ಹೋಗುವ ಮನೆಯಲ್ಲಿ ನಡೆಯಬಹುದಾದ ಕ್ರಮವನ್ನು ಹೇಳುತ್ತೇನೆ. ಹಿಂದಿನ ರಾತ್ರಿ ಪಾತ್ರೆ ಬೆಳಗಿ ಒಲೆ ಒರೆಸಿಟ್ಟೇ ಮಲಗಬೇಕು. ಅಕ್ಕಿಬೇಳೆಗಳನ್ನು ಅಳೆದು ಆರಿಸಿಡಬೇಕು. ಈ ಕೆಲಸವನ್ನು ಪತಿಯು ವಹಿಸಿಕೊಳ್ಳಲಿ. ಮುಂಜಾನೆ ಒಬ್ಬರು ಸ್ನಾನ ಮಾಡಿ ಒಲೆಗೆ ನಿಂತಾಗ ಇನ್ನೊಬ್ಬರು ದೇವರ ಮುಂದೆ ದೀಪ ಹಚ್ಚಿ, ಪೂಜೆಯ ಪಾತ್ರೆಗಳನ್ನು ಅಣಿಗೊಳಿಸಲಿ. ಪಂಚಭಕ್ಷ್ಯ ಬೇಕಿಲ್ಲ. ಅನ್ನ, ತೊವ್ವೆ, ಮೇಲೆ ತುಪ್ಪ, ಒಂದು ತುಳಸೀದಳ. ದೇವರಿಗೆ ಬೇರೆ ಪಾತ್ರೆಯನ್ನು ಇಟ್ಟುಕೊಳ್ಳಿರಿ; ಅದು ಕುಕ್ಕರಿನೊಳಗಿನ ಸಣ್ಣ ಡಬ್ಬಿಯಾದರೂ ಅನ್ಯಕ್ಕೆ ಬಳಸದೆ ಶುದ್ಧವಾಗಿದ್ದರೆ ಸಾಕು. ಈರುಳ್ಳಿ ಬೆಳ್ಳುಳ್ಳಿಗಳು ಮನೆಯೊಳಗೆ ಬಾರದಿದ್ದರೆ ದೇವರಿಗೊಂದು, ನಮಗೊಂದು ಎಂದು ಎರಡು ಅಡುಗೆಯ ಶ್ರಮವೇ ಇಲ್ಲ. ಮಡಿಯ ವಿಷಯದಲ್ಲಿ ನಿಮ್ಮ ಮನೆತನದ ಹಿರಿಯರನ್ನು ಕೇಳಿ, ಶಕ್ತಿಗೆ ತಕ್ಕಂತೆ ಒಂದು ನಿಯಮ ಮಾಡಿಕೊಂಡು ಅದನ್ನು ಬಿಡದೆ ನಡೆಸಿರಿ. ಆರು ದಿನ ಅತಿಯಾಗಿ ಮಾಡಿ ಏಳನೆಯ ದಿನ ಕೈಬಿಡುವುದಕ್ಕಿಂತ ನಿತ್ಯವೂ ಸ್ವಲ್ಪವನ್ನು ತಪ್ಪದೆ ಮಾಡುವುದು ಮೇಲು. ಸಂಜೆಯ ಅಡುಗೆಯು ಪತಿಯ ಪಾಲಿಗೆ ಇರಲಿ. ಭಕ್ಕರಿ ತಟ್ಟಲು ಬಾರದಿದ್ದರೆ ಚಪಾತಿ ಲಟ್ಟಿಸಬಹುದು. ಅದೂ ಬಾರದಿದ್ದರೆ ಅವಲಕ್ಕಿ ಕಲಸಬಹುದು. ಕಲಿಯುವವನಿಗೆ ಮೂರು ತಿಂಗಳು ಸಾಕು.

ನಮ್ಮ ಪಂಚಾಂಗವೂ ಗೃಹಿಣಿಯ ಮೇಲೆ ಕರುಣೆಯಿಲ್ಲದ್ದೇನಲ್ಲ. ಪಕ್ಷಕ್ಕೊಮ್ಮೆ ಏಕಾದಶಿ ಬರುತ್ತದೆ. ಅಂದು ಒಲೆಗೂ ಉಪವಾಸ, ಒಲೆಯ ಮುಂದೆ ನಿಲ್ಲುವವಳಿಗೂ ವಿಶ್ರಾಂತಿ. ಅಂದು ಉಳಿದ ಸಮಯದಲ್ಲಿ ಇಬ್ಬರೂ ಕೂಡಿ ಒಂದು ಸಂಧಿ ಹರಿಕಥಾಮೃತಸಾರವನ್ನು ಓದಬಹುದು. ಆದರೆ ಮರುದಿನ ದ್ವಾದಶಿಯ ಪಾರಣೆಗೆ ನಸುಕಿನಲ್ಲಿಯೇ ಅಡುಗೆಯಾಗಬೇಕು. ಉಪವಾಸವಿದ್ದವರಲ್ಲಿ ಆಕೆಯೂ ಒಬ್ಬಳೆಂಬುದನ್ನು ಮರೆತು, ಸ್ನಾ‍ನ ಮುಗಿಸಿ ನೇರವಾಗಿ ಎಲೆಯ ಮುಂದೆ ಕುಳಿತುಕೊಳ್ಳುವುದು ಸಲ್ಲದು. ಚಾತುರ್ಮಾಸ್ಯದ ನಾಲ್ಕು ತಿಂಗಳು ಕ್ರಮವಾಗಿ ಶಾಕ, ದಧಿ, ಕ್ಷೀರ, ದ್ವಿದಳ ವ್ರತಗಳು. ಶಾಕವ್ರತದಲ್ಲಿ ತೊಗರಿಯ ಬದಲು ಹೆಸರುಬೇಳೆ, ಹುಣಸೆಯ ಬದಲು ಒಣಮಾವಿನ ಪುಡಿ, ಮೆಣಸಿನಕಾಯಿಯ ಬದಲು ಕಾಳುಮೆಣಸು. ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯ ತಿಂಗಳು ಹಾಲಿಲ್ಲ, ನಾಲ್ಕನೆಯ ತಿಂಗಳು ಬೇಳೆಕಾಳುಗಳಿಲ್ಲ. ಹೊಸದಾಗಿ ಬಂದ ಸೊಸೆಗೆ ಇವನ್ನೆಲ್ಲ ತಪ್ಪಿದಾಗ ಹೇಳುವುದಕ್ಕಿಂತ, ಆಷಾಢಕ್ಕೆ ಮುಂಚೆಯೇ ಒಂದು ಹಾಳೆಯ ಮೇಲೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿಕೊಟ್ಟರೆ ವ್ರತವೂ ಉಳಿಯುತ್ತದೆ, ಮನಸ್ಸೂ ಉಳಿಯುತ್ತದೆ.

ಮೊಬೈಲಿನ ಮೇಲೆ ಬೆರಳಿಟ್ಟರೆ ಅರ್ಧ ತಾಸಿನಲ್ಲಿ ಬಿಸಿಯೂಟ ಬಾಗಿಲಿಗೆ ಬರುವ ಕಾಲವಿದು. ಜ್ವರ ಬಂದಾಗ, ಪ್ರಯಾಣದಲ್ಲಿ, ಆಪತ್ತಿನಲ್ಲಿ ನಡೆದುದಕ್ಕೆ ಆಪದ್ಧರ್ಮವಿದೆ. ಅದಕ್ಕಾಗಿ ಯಾರೂ ಯಾರನ್ನೂ ನೋಯಿಸಬೇಕಾಗಿಲ್ಲ. ಆದರೆ ಆಪದ್ಧರ್ಮವು ನಿತ್ಯಧರ್ಮವಾಗಬಾರದು. ಹೊರಗಿನಿಂದ ಬಂದ ಆ ಪೊಟ್ಟಣವನ್ನು ಯಾರು, ಯಾವ ಮನಸ್ಸಿನಿಂದ ಮಾಡಿದರು, ಯಾರಿಗೆ ನಿವೇದಿಸಿದರು ಎಂಬುದು ನಮಗೆ ತಿಳಿಯದು. ಉಂಡ ಅನ್ನದ ಸೂಕ್ಷ್ಮಾಂಶವು ಮನಸ್ಸನ್ನು ಪೋಷಿಸುವುದೆಂದು ಛಾಂದೋಗ್ಯೋಪನಿಷತ್ತು ಹೇಳುತ್ತದೆ. ಒಂದೇ ಪಾತ್ರೆಯಿಂದ, ಒಂದೇ ದೇವರ ಶೇಷವನ್ನು ಉಂಡ ಇಬ್ಬರ ಮನಸ್ಸುಗಳು ಹತ್ತಿರವಾಗುವಂತೆ, ಬೇರೆ ಬೇರೆ ಪೊಟ್ಟಣಗಳನ್ನು ಬಿಚ್ಚಿಕೊಂಡು ಬೇರೆ ಬೇರೆ ತೆರೆಗಳನ್ನು ನೋಡುತ್ತ ಉಂಡವರ ಮನಸ್ಸುಗಳು ಹತ್ತಿರವಾಗಲಾರವು.

ಇಷ್ಟು ಅಲ್ಪವಾದ ಅಡುಗೆಯನ್ನು ದೇವರಿಗೆ ಹೇಗೆ ಅರ್ಪಿಸುವುದೆಂದು ಸಂಕೋಚಪಡುವವರಿಗೆ ಎರಡು ದೃಷ್ಟಾಂತಗಳನ್ನು ಹೇಳುತ್ತೇನೆ. ಚಿತ್ರಕೂಟದಲ್ಲಿ ತಂದೆಯ ಮರಣವಾರ್ತೆಯನ್ನು ಕೇಳಿದ ಶ್ರೀರಾಮದೇವರು ಮಂದಾಕಿನಿಯ ತೀರದಲ್ಲಿ ಇಂಗುದಿಯ ಹಿಂಡಿಗೆ ಬೋರೆಹಣ್ಣನ್ನು ಬೆರೆಸಿ ದಶರಥನಿಗೆ ಪಿಂಡವಿತ್ತರು. ಕಾಡಿನಲ್ಲಿ ತಾವು ಉಣ್ಣುವುದು ಅದೇ ಆದ್ದರಿಂದ ಅದನ್ನೇ ಅರ್ಪಿಸಿದರು. ಮನುಷ್ಯನು ಏನನ್ನು ಉಣ್ಣುವನೋ ಆತನ ದೇವತೆಗಳಿಗೂ ಅದೇ ಆಹಾರವೆಂಬುದು ಅಲ್ಲಿಯ ನ್ಯಾಯ. ಅಯೋಧ್ಯೆಯ ಅರಮನೆಯ ಅನ್ನವೇ ಬೇಕೆಂದು ದಶರಥನು ಕೇಳಲಿಲ್ಲ. ಎರಡನೆಯದು ಕುಚೇಲನ ಕಥೆ. ಅವಲಕ್ಕಿಯನ್ನು ಶ್ರೀಕೃಷ್ಣನಿಗೆ ಒಯ್ದವನು ಕುಚೇಲನೆಂದು ನಾವು ಹಾಡುತ್ತೇವೆ. ಆದರೆ ನೆರೆಹೊರೆಯ ಮನೆಗಳಲ್ಲಿ ಬೇಡಿ ನಾಲ್ಕು ಹಿಡಿ ಅವಲಕ್ಕಿಯನ್ನು ತಂದು ಹರಕು ಬಟ್ಟೆಯಲ್ಲಿ ಕಟ್ಟಿಕೊಟ್ಟವಳು ಆತನ ಹೆಂಡತಿ. ಭಾಗವತವು ಇದನ್ನು ಸ್ಪಷ್ಟವಾಗಿ ಹೇಳಿದೆ. ಬೇಡಿದವಳು ಆಕೆ, ಹೊತ್ತವನು ಆತ, ಉಂಡವನು ಭಗವಂತ. ಸ್ವಾಮಿಯು ಒಂದು ಹಿಡಿಯನ್ನು ಉಂಡು ಎರಡನೆಯದಕ್ಕೆ ಕೈಹಾಕಿದಾಗ ರುಕ್ಮಿಣೀದೇವಿಯು ಆ ಕೈಯನ್ನು ಹಿಡಿದಳು. ಒಂದೇ ಹಿಡಿಗೆ ಇಹಪರಗಳೆರಡರ ಸಂಪತ್ತೂ ಸಂದಿತ್ತು. ದ್ವಾರಕೆಯ ಬಾಗಿಲನ್ನು ಕಾಣದ ಆ ಗೃಹಿಣಿಯ ಪಾಲು ಆ ಸಂಪತ್ತಿನಲ್ಲಿ ಕಡಿಮೆಯಾಗಲಿಲ್ಲ.

ಕೊನೆಯಲ್ಲಿ ಊರಿನಲ್ಲಿರುವ ಅತ್ತೆಮಾವಂದಿರಲ್ಲಿ ಒಂದು ವಿಜ್ಞಾಪನೆ. ಮಗನ ಮನೆಗೆ ಹೋದಾಗ ಆತನು ಪಾತ್ರೆ ಬೆಳಗುತ್ತಿರುವುದನ್ನು ಕಂಡರೆ “ಎಂಥ ಕಾಲ ಬಂತು” ಎಂದು ನಿಟ್ಟುಸಿರು ಬಿಡಬೇಡಿರಿ. ಆ ನಿಟ್ಟುಸಿರು ಸೊಸೆಗೆ ಕೇಳಿಸುತ್ತದೆ. ಮಗನು ನಾಳೆಯಿಂದ ನಿಮ್ಮ ಎದುರಿಗೆ ಕೈಕಟ್ಟಿ ಕುಳಿತುಕೊಳ್ಳುತ್ತಾನೆ. ನೀವು ಊರಿಗೆ ಮರಳಿದ ಮೇಲೆ ಆ ಮನೆಯ ನೈವೇದ್ಯಕ್ಕೆ ಒಬ್ಬ ಕೈ ಕಡಿಮೆಯಾಗುತ್ತದೆ. ಅದರ ಬದಲು ಮಗನನ್ನು ಕರೆದು ತೊವ್ವೆಗೆ ಇಂಗಿನ ಒಗ್ಗರಣೆ ಯಾವಾಗ ಹಾಕಬೇಕು, ಹಯಗ್ರೀವಕ್ಕೆ ಕಡಲೆಬೇಳೆ ಎಷ್ಟು ಬೇಯಬೇಕು, ಬೆಲ್ಲ ಯಾವ ಹದಕ್ಕೆ ಬೀಳಬೇಕೆಂಬುದನ್ನು ಕಲಿಸಿರಿ. ಶ್ರೀ ವಾದಿರಾಜರು ತಲೆಯ ಮೇಲೆ ಹೊತ್ತು ಶ್ರೀಹಯಗ್ರೀವದೇವರಿಗೆ ಅರ್ಪಿಸಿದರೆಂದು ನಾವು ಭಕ್ತಿಯಿಂದ ಸ್ಮರಿಸುವ ಆ ಭಕ್ಷ್ಯಕ್ಕೆ ಬೇಕಾದ ಕಡಲೆ ನಮ್ಮ ಎರೆಹೊಲಗಳಲ್ಲಿಯೇ ಬೆಳೆಯುತ್ತದೆ, ಬೆಲ್ಲ ನಮ್ಮ ಜಿಲ್ಲೆಯ ಕಬ್ಬಿನದೇ. ಊರಿಗೆ ಬಂದ ಮಗ ಸೊಸೆಯರಿಗೆ ಉಪ್ಪಿನಕಾಯಿ, ಮೆಂತ್ಯದ ಹಿಟ್ಟು, ಸಾರಿನ ಪುಡಿಗಳ ಡಬ್ಬಿಗಳನ್ನು ಕಟ್ಟಿಕೊಡುವ ನೀವು ಅವುಗಳೊಂದಿಗೆ ಈ ವಿದ್ಯೆಯನ್ನೂ ಇಬ್ಬರಿಗೂ ಕಟ್ಟಿಕೊಡಬೇಕು.

ನವದಂಪತಿಗಳು ಮುಂಬರುವ ಏಕಾದಶಿಯಿಂದಲೇ ಒಂದು ಸಂಕಲ್ಪ ಮಾಡಲಿ: ನಮ್ಮ ಮನೆಯಲ್ಲಿ ನಿತ್ಯವೂ ಒಂದು ಹೊತ್ತಾದರೂ ದೇವರಿಗೆಂದೇ ಒಲೆ ಉರಿಯುವುದು, ಅದಕ್ಕೆ ಇಬ್ಬರೂ ನಿಲ್ಲುವೆವು, ಆದ ಅಡುಗೆಯನ್ನು ಇಬ್ಬರೂ ನಿಂದಿಸದೆ ಉಣ್ಣುವೆವು. ಅನ್ನದಲ್ಲಿ ನಿಂತ ಕೇಶವನು, ಜಠರದಲ್ಲಿ ವೈಶ್ವಾನರನಾಗಿ ನಿಂತು ಅದನ್ನು ಪಚನಗೊಳಿಸುವ ಆ ಸ್ವಾಮಿಯೇ, ಸಟ್ಟುಗ ಹಿಡಿದ ಎರಡು ಕೈಗಳನ್ನೂ ಸಮವಾಗಿ ಕಾಪಾಡಲಿ ಎಂದು ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣನಲ್ಲಿ ಪ್ರಾರ್ಥಿಸಿ ಈ ಮಾತುಗಳನ್ನು ಸಮರ್ಪಿಸುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು.